ಬೋಸ್ನಿಯಾದಲ್ಲಿ ಅದೇ ಪಕ್ಷಗಳು ಮತ್ತೆ ಮತ್ತೆ ಗೆಲ್ಲೋದು ಹೇಗೆ? ಬರೀ ಜನಾಂಗ ದ್ವೇಷವೇ?

ಪ್ರಶ್ನೆ:
ಯುಗೊಸ್ಲಾವಿಯಾ ಒಡೆದು ಹುಟ್ಟಿದ ದೇಶಗಳ ಬಗ್ಗೆ ಓದುತ್ತಾ ಬೋಸ್ನಿಯಾಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. 1992ರಲ್ಲಿ ಸ್ವತಂತ್ರ ಆಯ್ತು, 1995ರಲ್ಲಿ ಯುದ್ಧ ನಿಂತಿತು. ಅಲ್ಲಿಂದ ಇಲ್ಲಿಯವರೆಗೆ ಹೆಚ್ಚಿನ ಕಾಲ ಆಳಿದ್ದು ಜನಾಂಗದ ಹೆಸರಲ್ಲಿ ಓಟು ಕೇಳುವ ಪಕ್ಷಗಳೇ. ಕೇಳಿದರೆ "ಅಲ್ಲಿ ದ್ವೇಷ ಹಳೆಯದು" ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸುತ್ತಾರೆ. ಈ ಒಡಕಿಗೂ ಭ್ರಷ್ಟಾಚಾರಕ್ಕೂ ನೇರ ಸಂಬಂಧ ಇದೆಯೇ? ಪಕ್ಕದ ಕ್ರೊಯೇಷಿಯಾ ತನ್ನ ಮಾಜಿ ಪ್ರಧಾನಿಯನ್ನೇ ಜೈಲಿಗೆ ಹಾಕಿತು, ಇಲ್ಲಿ ಯಾಕೆ ಆಗಲ್ಲ?

ಉತ್ತರ 1:
ದ್ವೇಷ ಇಲ್ಲ ಅನ್ನಲ್ಲ. ಆದರೆ ಅದನ್ನು ಆರದಂತೆ ನೋಡಿಕೊಳ್ಳುವ ಹುದ್ದೆಗಳ ಲೆಕ್ಕ ಮೊದಲು ಹಾಕಿ.

ಅಲ್ಲಿನ ಸಂವಿಧಾನ ಅಂದರೆ 1995ರಲ್ಲಿ ಯುದ್ಧ ನಿಲ್ಲಿಸಿದ ಡೇಟನ್ ಶಾಂತಿ ಒಪ್ಪಂದದ 4ನೇ ಅನುಬಂಧ. ಅದರ ಪ್ರಕಾರ ದೇಶದಲ್ಲಿ ಎರಡು ಘಟಕ: ಬೋಸ್ನಿಯಾಕ್ (ಬಹುತೇಕ ಮುಸ್ಲಿಮರು) ಮತ್ತು ಕ್ರೊಯಾಟರ ಫೆಡರೇಷನ್, ಸರ್ಬರ ರೆಪುಬ್ಲಿಕಾ ಸ್ರ್ಪ್ಸ್ಕಾ. ಆಮೇಲೆ ಬ್ರಚ್ಕೊ ಎಂಬ ಪ್ರತ್ಯೇಕ ಜಿಲ್ಲೆ ಬಂತು. ಫೆಡರೇಷನ್ ಒಳಗೆ 10 ಕ್ಯಾಂಟನ್ (ಪ್ರಾಂತ್ಯ), ಪ್ರತಿಯೊಂದಕ್ಕೂ ತನ್ನದೇ ಪ್ರಧಾನಿ, ಮಂತ್ರಿಗಳು, ಶಾಸನಸಭೆ. ಕೇಂದ್ರವನ್ನೂ ಸೇರಿಸಿದರೆ 14 ಸರ್ಕಾರ. 2013ರ ಜನಗಣತಿಯಲ್ಲಿ ಇದ್ದ ಜನ ಸುಮಾರು 35 ಲಕ್ಷ. ಇನ್ನು ಅಂಚೆ ಕಂಪನಿ ಮೂರು, ದೊಡ್ಡ ಟೆಲಿಕಾಂ ಕಂಪನಿ ಮೂರು, ಸರ್ಕಾರಿ ವಿದ್ಯುತ್ ಕಂಪನಿಯೂ ಮೂರು. ಆಡಳಿತ ಮಂಡಳಿಯ ಕುರ್ಚಿಗಳು ಸರ್ಕಾರ ರಚನೆಯ ಮಾತುಕತೆಯಲ್ಲೇ ಪಕ್ಷಗಳ ನಡುವೆ ಹಂಚಿಕೆಯಾಗುತ್ತವೆ. ಮೂರನ್ನು ಒಂದು ಮಾಡಿದರೆ ಆ ಕುರ್ಚಿಗಳೂ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಹಾಗಾಗಿ "ನಮ್ಮವರದು ನಮಗೇ ಇರಲಿ" ಅನ್ನುವ ಘೋಷಣೆಯ ಹಿಂದೆ ಸಂಬಳದ ಲೆಕ್ಕ ಇದೆ.

ತಡೆಯುವುದು ಎಷ್ಟು ಸುಲಭ ನೋಡಿ. ಸಂಸತ್ತಿನ ಮೇಲ್ಮನೆಯಲ್ಲಿ 15 ಜನ, ಒಂದೊಂದು ಜನಾಂಗಕ್ಕೆ 5. ಕೋರಂಗೆ 9 ಜನ ಬೇಕು, ಅದರಲ್ಲಿ ಪ್ರತಿ ಜನಾಂಗದಿಂದ ಕನಿಷ್ಠ 3. ಅಂದರೆ ಒಂದು ಗುಂಪಿನ ಮೂವರು ಸಭೆಗೆ ಬರದೇ ಇದ್ದರೆ ಸಾಕು, ಸದನ ಕೂರಲ್ಲ. ಕೆಳಮನೆಯಲ್ಲಿ 42 ಸ್ಥಾನ, ಸ್ರ್ಪ್ಸ್ಕಾದಿಂದ 14. ಎರಡೂ ಘಟಕಗಳಿಂದ ಮೂರನೇ ಒಂದು ಭಾಗದ ಓಟು ಬೀಳಬೇಕು. ಬೀಳದಿದ್ದರೆ, ಆ 14ರಲ್ಲಿ 10 ಜನ ವಿರೋಧಿಸಿದರೆ ಮಸೂದೆ ಅಲ್ಲಿಗೇ ಮುಗೀತು. ಇಷ್ಟು ಅಗ್ಗದ ವೀಟೊ ಕೈಯಲ್ಲಿದ್ದವನು ಅದನ್ನು ಜನಾಂಗದ ಹಿತಕ್ಕಷ್ಟೇ ಬಳಸುತ್ತಾನೆ ಅಂತ ನಂಬೋಕಾಗಲ್ಲ. ತನ್ನ ಗುತ್ತಿಗೆಗಳಿಗೆ ಅಡ್ಡ ಬರುವ ಖರೀದಿ ಕಾನೂನನ್ನೂ ಅದೇ ದಾರಿಯಲ್ಲಿ ನಿಲ್ಲಿಸಬಹುದು.

ಇದರ ಮೇಲೆ ಕೂತಿರುವವರು, ಶಾಂತಿ ಒಪ್ಪಂದದ ಜಾರಿ ನೋಡಿಕೊಳ್ಳುವ ವಿದೇಶಿ ಉನ್ನತ ಪ್ರತಿನಿಧಿ. 1997ರ ಬಾನ್ ಸಭೆಯ ನಂತರ ಕಾನೂನು ಹೇರುವ, ಅಧಿಕಾರಿಗಳನ್ನು ವಜಾ ಮಾಡುವ ಅಧಿಕಾರ ಅವರಿಗಿದೆ. 2004ರ ಜೂನ್‌ನಲ್ಲಿ ಆಗಿನ ಪ್ರತಿನಿಧಿ ಪ್ಯಾಡಿ ಆಶ್‌ಡೌನ್ ಒಂದೇ ದಿನ ಸುಮಾರು 60 ಸರ್ಬ್ ಅಧಿಕಾರಿಗಳನ್ನು ತೆಗೆದರು. ಆದರೆ ಹೀಗೆ ವಜಾ ಆದವನ ಮೇಲೆ ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಊರಿಗೆ ಹೋಗಿ "ನಮ್ಮ ಜನರಿಗೋಸ್ಕರ ಕುರ್ಚಿ ಬಿಟ್ಟೆ" ಅಂದರೆ ನಡೆಯುತ್ತೆ. ನನ್ನ ಪ್ರಕಾರ ಇದು ಡೇಟನ್ ವ್ಯವಸ್ಥೆಯ ದೊಡ್ಡ ತಪ್ಪು.

ಉತ್ತರ 2:
ಮೇಲಿನದು ಸರಿ, ಆದರೆ ದುಡ್ಡು ಎಲ್ಲಿಂದ ಬಂತು ಅನ್ನೋದು ಬಿಟ್ಟುಹೋಗಿದೆ. ಅದು ಖಾಸಗೀಕರಣದಿಂದ. ಯುದ್ಧದಲ್ಲಿ ನಿಂತುಹೋದ ಕಾರ್ಖಾನೆಗೆ ಕಡಿಮೆ ಬೆಲೆ ಕಟ್ಟುತ್ತಾರೆ. ಜನರಿಗೆ ಬಾಕಿ ಸಂಬಳ, ಉಳಿತಾಯದ ಬದಲು ಪ್ರಮಾಣಪತ್ರ ಕೊಡುತ್ತಾರೆ. ಕೈಯಲ್ಲಿ ಕಾಸಿಲ್ಲದವರು ಅದನ್ನು ಮುಖಬೆಲೆಯ ಸಣ್ಣ ಪಾಲಿಗೆ ಮಾರಿಬಿಡುತ್ತಾರೆ. ಪಕ್ಷಕ್ಕೆ ಹತ್ತಿರದವನು ಅದನ್ನು ಕೊಂಡು ಕಾರ್ಖಾನೆ ಹಿಡಿಯುತ್ತಾನೆ. ಇಷ್ಟು ಹೂಡುತ್ತೇನೆ, ಇಷ್ಟು ಕೆಲಸಗಾರರನ್ನು ಉಳಿಸುತ್ತೇನೆ ಅಂತ ಕರಾರಿಗೆ ಸಹಿ ಹಾಕುತ್ತಾನೆ. ಅದನ್ನು ಪರಿಶೀಲಿಸಬೇಕಾದ ಏಜೆನ್ಸಿ ಕ್ಯಾಂಟನ್‌ನದು, ಅಂದರೆ ಅದೇ ಪಕ್ಷದ್ದು. ಮುಂದಿನದು ಜಾಗ ಅಡಮಾನ, ಸಾಲ, ಸಂಬಳ ಬಾಕಿ, ದಿವಾಳಿ.

2014ರ ಫೆಬ್ರವರಿ 5ರಂದು ತುಜ್ಲಾ ನಗರದಲ್ಲಿ ಬೀದಿಗಿಳಿದವರು ಇಂಥ ಕಾರ್ಖಾನೆಗಳವರೇ. ಅದರಲ್ಲಿ ಡಿಟಾ ಅನ್ನುವ ಬಟ್ಟೆ ಸೋಪಿನ ಪುಡಿಯ ಕಾರ್ಖಾನೆ ಒಂದು. ಯಂತ್ರಗಳನ್ನು ಯಾರೂ ಹೊತ್ತೊಯ್ಯದಂತೆ ಕೆಲಸಗಾರರೇ ಗೇಟಿನಲ್ಲಿ ಕಾವಲು ಕೂತಿದ್ದರು, 2015ರಲ್ಲಿ ಮತ್ತೆ ಉತ್ಪಾದನೆ ಶುರು ಮಾಡಿದರು. ಪ್ರತಿಭಟನೆ ಶುರುವಾದ ಎರಡು ದಿನದಲ್ಲಿ ಕ್ಯಾಂಟನ್ ಸರ್ಕಾರದ ಕಟ್ಟಡಕ್ಕೆ ಬೆಂಕಿ ಬಿತ್ತು, ಕ್ಯಾಂಟನ್ ಪ್ರಧಾನಿ ರಾಜೀನಾಮೆ ಕೊಟ್ಟರು. ಜನ ನಾಗರಿಕ ಸಭೆ ಸೇರಿಸಿ ಇಟ್ಟ ಬೇಡಿಕೆಗಳಲ್ಲಿ ಜನಾಂಗದ ಮಾತೇ ಇರಲಿಲ್ಲ. "ಬಿಳಿ ಬ್ರೆಡ್" ನಿಲ್ಲಿಸಿ ಅಂದರು, ಅಂದರೆ ಅಧಿಕಾರ ಹೋದಮೇಲೂ ರಾಜಕಾರಣಿಗಳಿಗೆ ತಿಂಗಳುಗಟ್ಟಲೆ ಸಿಗುತ್ತಿದ್ದ ಸಂಬಳ. ತುಜ್ಲಾ ಕ್ಯಾಂಟನ್ ಅದನ್ನು ರದ್ದು ಮಾಡಿತು. ಹಳೆಯ ದ್ವೇಷದಿಂದಲೇ ಎಲ್ಲವನ್ನೂ ವಿವರಿಸುವವರು ಈ ಬೇಡಿಕೆ ಪಟ್ಟಿಯನ್ನು ಓದಬೇಕು.

ಪ್ರಶ್ನೆ ಕೇಳಿದವರು:
ಇಷ್ಟೆಲ್ಲ ಆದಮೇಲೂ ಅದೇ ವರ್ಷ ಅಕ್ಟೋಬರ್ ಚುನಾವಣೆಯಲ್ಲಿ ಹಳೇ ಪಕ್ಷಗಳೇ ಮುಂದಿದ್ದವಲ್ಲ?

ಉತ್ತರ 3:
ಹೌದು. ಸರ್ಕಾರಿ ಕೆಲಸ ಸಿಕ್ಕವನ ಮನೆಯಲ್ಲಿ ಎಷ್ಟು ಓಟು ಇದೆ ಅಂತ ಪಕ್ಷದ ಹತ್ತಿರ ಲೆಕ್ಕ ಇರುತ್ತೆ. ಖಾಸಗಿ ಕೆಲಸ ಕಮ್ಮಿ ಇರುವ ಊರಲ್ಲಿ ಆ ಕೆಲಸ ಹೋದೀತು ಅನ್ನುವ ಹೆದರಿಕೆ ಸಾಕು. ಮತಗಟ್ಟೆಯಲ್ಲೂ ಆಟ ಇದೆ. ಸಮಿತಿಯ ಸ್ಥಾನಗಳು ಕಣದಲ್ಲಿರುವ ಪಕ್ಷಗಳಿಗೆ ಹಂಚಿಕೆ, ಹಾಗಾಗಿ ಸಣ್ಣ ಪಕ್ಷಗಳು ನೋಂದಾಯಿಸಿಕೊಂಡು ತಮ್ಮ ಸ್ಥಾನವನ್ನು ದೊಡ್ಡವರಿಗೆ ಬಿಟ್ಟುಕೊಡುತ್ತಿದ್ದವು. ಇನ್ನೊಂದು "ಬಲ್ಗೇರಿಯನ್ ರೈಲು": ಹೊರಗೆ ತಂದ ಖಾಲಿ ಮತಪತ್ರಕ್ಕೆ ಗುರುತು ಹಾಕಿ ಮತದಾರನಿಗೆ ಕೊಡುತ್ತಾರೆ, ಅವನು ಅದನ್ನು ಪೆಟ್ಟಿಗೆಗೆ ಹಾಕಿ ಒಳಗೆ ಸಿಕ್ಕ ಖಾಲಿಯದನ್ನು ಹೊರಗೆ ತಂದರೆ ದುಡ್ಡು. ಆ ಖಾಲಿ ಪತ್ರ ಮುಂದಿನವನಿಗೆ.

2024ರ ಮಾರ್ಚ್‌ನಲ್ಲಿ ಉನ್ನತ ಪ್ರತಿನಿಧಿ ಕ್ರಿಶ್ಚಿಯನ್ ಶ್ಮಿಟ್ ಬೆರಳಚ್ಚು ಗುರುತು, ಮತಪತ್ರ ಸ್ಕ್ಯಾನರ್ ಇರುವ ತಿದ್ದುಪಡಿ ಹೇರಿದರು. ಬೇರೆಯವರ ಹೆಸರಲ್ಲಿ ಓಟು ಹಾಕೋದು, ಎಣಿಕೆಯಲ್ಲಿ ತಿದ್ದೋದು ಇದರಿಂದ ಕಷ್ಟ ಆಗುತ್ತೆ. ಕೆಲಸದ ಹೆದರಿಕೆಗೆ ಯಂತ್ರದಲ್ಲಿ ಮದ್ದಿಲ್ಲ.

ಉತ್ತರ 4:
ಕ್ರೊಯೇಷಿಯಾದ ಬಗ್ಗೆ. ಅಲ್ಲಿ 2001ರಲ್ಲೇ ಭ್ರಷ್ಟಾಚಾರಕ್ಕೆಂದೇ ಉಸ್ಕೊಕ್ ಎಂಬ ಪ್ರಾಸಿಕ್ಯೂಷನ್ ಕಚೇರಿ ಕಟ್ಟಿದರು, ದೇಶಕ್ಕೆಲ್ಲ ಅದೊಂದೇ. ಐರೋಪ್ಯ ಒಕ್ಕೂಟ ಸೇರುವ ಮಾತುಕತೆಯಲ್ಲಿ ದೊಡ್ಡವರ ಮೇಲಿನ ಕೇಸುಗಳನ್ನೇ ನೋಡುತ್ತಿದ್ದರು. ಇವೊ ಸನಾಡೆರ್ 2009ರಲ್ಲಿ ಪ್ರಧಾನಿ ಪಟ್ಟ ಬಿಟ್ಟರು, 2010ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದರು. ಸರ್ಕಾರಿ ಸಂಸ್ಥೆಗಳ ಹಣವನ್ನು ಒಂದು ಜಾಹೀರಾತು ಕಂಪನಿ ಮೂಲಕ ಹೊರತೆಗೆದ ಕೇಸಿನಲ್ಲಿ ಅವರ ಪಕ್ಷಕ್ಕೂ ಶಿಕ್ಷೆಯಾಯ್ತು. ಆದರೂ ಸಲೀಸಾಗಿ ಆಗಲಿಲ್ಲ: 2012ರ ಬೇರೊಂದು ಶಿಕ್ಷೆಯನ್ನು 2015ರಲ್ಲಿ ಸಂವಿಧಾನ ನ್ಯಾಯಾಲಯ ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು.

ಹಾಗಂತ ವಿಶೇಷ ಕಚೇರಿ ತೆರೆದರೆ ಮುಗೀತು ಅಂದುಕೊಳ್ಳಬೇಡಿ. ಮೆಸಿಡೋನಿಯಾದಲ್ಲಿ ಫೋನ್ ಕದ್ದಾಲಿಕೆ ಹಗರಣಕ್ಕೆ 2015ರಲ್ಲಿ ವಿಶೇಷ ಪ್ರಾಸಿಕ್ಯೂಟರ್ ಬಂದರು. 2020ರಲ್ಲಿ ಅವರಿಗೇ 7 ವರ್ಷ ಶಿಕ್ಷೆಯಾಯ್ತು. ಮಾಜಿ ಪ್ರಧಾನಿ ಗ್ರುಯೆವ್‌ಸ್ಕಿ 2018ರಲ್ಲೇ ಹಂಗರಿಗೆ ಓಡಿದ್ದರು.

ಬೋಸ್ನಿಯಾದಲ್ಲಿ ಏನೂ ಆಗಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಕೋವಿಡ್ ವೇಳೆ 100 ವೆಂಟಿಲೇಟರ್ ಖರೀದಿಯನ್ನು ರಾಸ್‌ಬೆರಿ ಹಣ್ಣಿನ ವ್ಯಾಪಾರದ ಕಂಪನಿಗೆ ಕೊಟ್ಟರು, 1 ಕೋಟಿ 5 ಲಕ್ಷ ಬೋಸ್ನಿಯಾ ಮಾರ್ಕ್‌ಗೆ (ಅಲ್ಲಿನ ಹಣ). ಬಂದ ಯಂತ್ರಗಳು ತೀವ್ರ ನಿಗಾ ಘಟಕಕ್ಕೆ ತಕ್ಕವಾಗಿರಲಿಲ್ಲ. ಫೆಡರೇಷನ್ ಪ್ರಧಾನಿ ಫಾಡಿಲ್ ನೊವಾಲಿಚ್‌ಗೆ 2023ರಲ್ಲಿ 4 ವರ್ಷ ಶಿಕ್ಷೆಯಾಯ್ತು. ಆ ಕೇಸು ನಡೆದದ್ದು ದೇಶದ ಮಟ್ಟದ ನ್ಯಾಯಾಲಯದಲ್ಲಿ, ಯಾವುದೋ ಕ್ಯಾಂಟನ್‌ನಲ್ಲಿ ಅಲ್ಲ. ಅಲ್ಲಿಂದ ಬರುವ ಸುದ್ದಿ ಓದುವಾಗ ಕೇಸು ಯಾವ ಹಂತದ ನ್ಯಾಯಾಲಯದಲ್ಲಿದೆ ಅಂತ ಮೊದಲು ನೋಡಿ.