ಬೂರ್ ದ್ವಾಸಾನ್‌ನಲ್ಲಿ ಒಂದು ವಾರ: 11-28 ಕ್ಯಾಸೆಟ್, ರಿಮ್ ಬ್ರೇಕ್ ಸಾಕಾಗುತ್ತಾ?

ಏರುಹಾದಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೊದಲ ವಾರ ಫ್ರಾನ್ಸ್‌ನ ಬೂರ್ ದ್ವಾಸಾನ್‌ನಲ್ಲಿ ಉಳಿದುಕೊಂಡು ಸುತ್ತಮುತ್ತಲಿನ ಘಾಟಿಗಳನ್ನು ಹತ್ತುವ ಯೋಚನೆ ಇದೆ. ಬೆಂಗಳೂರಿನಿಂದ ನನ್ನ ಸೈಕಲ್ಲನ್ನೇ ಒಯ್ಯುತ್ತೇನೆ. ಶಿಮಾನೊ ಅಲ್ಟೆಗ್ರಾ ಆರ್8000, 11 ಸ್ಪೀಡ್, ಮುಂದೆ 50/34 ಹಲ್ಲು, ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) 11-28 ಹಲ್ಲು, ಚೈನನ್ನು ಗೇರಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಎಸ್‌ಎಸ್ (ಗಿಡ್ಡ ಕೇಜಿನದು), ರಿಮ್ ಬ್ರೇಕ್. ಕಾರ್ಬನ್ ಕ್ಲಿಂಚರ್ (ಟೈರಿನೊಳಗೆ ಟ್ಯೂಬ್ ಹಾಕುವ ಬಗೆ) ಒಂದು ಜೊತೆ, ಅಲ್ಯೂಮಿನಿಯಂ ಒಂದು ಜೊತೆ ಚಕ್ರ ಇವೆ. ತೂಕ 70 ಕೆ.ಜಿ. ಎರಡು ಗಂಟೆ ಒಂದೇ ಸಮ ತುಳಿಯಬೇಕೆಂದರೆ 155 ವ್ಯಾಟ್ ಆಸುಪಾಸು. ನಂದಿ ಬೆಟ್ಟಕ್ಕೆ ಈ ಗೇರ್ ಸಾಲುತ್ತೆ.

ಗೇರ್ ಬದಲಿಸಲೇಬೇಕಾ? ಯಾವ ಚಕ್ರ ಒಯ್ಯಲಿ? ಗ್ಲಾಂಡೊನ್, ಗಾಲಿಬಿಯೇ, ಆಲ್ಪ್ ದ್ಯುಯೆಜ್ ಮೂರನ್ನೂ ಸೇರಿಸಿ ಒಂದೇ ದಿನ ಸುತ್ತು ಹಾಕಬಹುದಾ?

ಸ್ಪೋಕ್ ಸಿದ್ದ

ಗೇರ್ ಬದಲಿಸಿ ಸರ್, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕ ನೋಡಿ. ನೀವು, ಸೈಕಲ್, ನೀರು ಎಲ್ಲಾ ಸೇರಿ 80 ಕೆ.ಜಿ. ಅಂದುಕೊಳ್ಳೋಣ. ಶೇ 8ರ ಏರಿನಲ್ಲಿ 155 ವ್ಯಾಟ್‌ಗೆ ಸಿಗುವ ವೇಗ ಗಂಟೆಗೆ ಸುಮಾರು 8 ಕಿ.ಮೀ. ಆ ವೇಗದಲ್ಲಿ 34-28 (ಮುಂದೆ 34, ಹಿಂದೆ 28) ಹಾಕಿದರೆ ಕೇಡೆನ್ಸ್, ಅಂದರೆ ನಿಮಿಷಕ್ಕೆ ಪೆಡಲ್ ಸುತ್ತು, 52, 34-34 ಹಾಕಿದರೆ 63. ಏರು ಶೇ 10 ಆದರೆ ವೇಗ 6.5ಕ್ಕೆ ಇಳಿಯುತ್ತೆ, 34-28ರಲ್ಲಿ ಕೇಡೆನ್ಸ್ 43. ನಂದಿಯ ಕೊನೆಯ ಕಡಿದಾದ ತುಂಡಿನಲ್ಲಿ ಎದ್ದು ನಿಂತು ತುಳಿದು ಮುಗಿಸಬಹುದು. ಆಲ್ಪ್ ದ್ಯುಯೆಜ್ 13.8 ಕಿ.ಮೀ., ಸರಾಸರಿ ಶೇ 8ರ ಮೇಲೆ, ನಿಮಗೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಗಂಟೆ. ಅಷ್ಟು ಹೊತ್ತು 50ರ ಕೇಡೆನ್ಸಿನಲ್ಲಿ ತಳ್ಳಿದರೆ ಮಾರನೇ ದಿನ ಮೊಣಕಾಲು ಮಾತಾಡುತ್ತೆ.

ಆದರೆ ಬರೀ ಕ್ಯಾಸೆಟ್ ಕೊಂಡರೆ ಕೆಲಸ ಮುಗಿಯಲ್ಲ. ನಿಮ್ಮ ಎಸ್‌ಎಸ್ ಡಿರೇಲರ್ 30 ಹಲ್ಲಿನವರೆಗೆ ಮಾತ್ರ. 34ಕ್ಕೆ ಉದ್ದ ಕೇಜಿನ (ಚೈನನ್ನು ಎಳೆದು ಹಿಡಿಯುವ ತೋಳಿನ) ಜಿಎಸ್ ಬೇಕು. ಅದರ ಒಟ್ಟು ಸಾಮರ್ಥ್ಯ 39 ಹಲ್ಲು. ನಿಮ್ಮ 50/34ರ ವ್ಯತ್ಯಾಸ 16, 11-34ರದು 23, ಸೇರಿದರೆ ಸರಿಯಾಗಿ 39. ಬಿ-ಸ್ಕ್ರೂ (ಡಿರೇಲರಿಗೂ ಕ್ಯಾಸೆಟ್ಟಿಗೂ ನಡುವಿನ ಅಂತರ ಹೊಂದಿಸುವ ತಿರುಪು) ತಿರುಗಿಸಿ ಎಸ್‌ಎಸ್‌ನಲ್ಲೇ 34 ಓಡಿಸುವವರು ಇದ್ದಾರೆ. ಇಲ್ಲಿ ನಡೆದರೂ ನಡೆಯಬಹುದು, ರಿಪೇರಿ ಅಂಗಡಿಯಿಂದ 30 ಕಿ.ಮೀ. ದೂರದ ಘಾಟಿಗೆ ಆ ಏರ್ಪಾಡು ಬೇಡ.

11 ಸ್ಪೀಡಿನ 11-34, ಅಂದರೆ ಸಿಎಸ್-ಎಚ್‌ಜಿ800 ಅಥವಾ ಎಚ್‌ಜಿ700, 11 ಸ್ಪೀಡ್ ರೋಡ್ ಫ್ರೀಹಬ್ (ಕ್ಯಾಸೆಟ್ ಕೂರುವ ಹಬ್ಬಿನ ಭಾಗ) ಮೇಲೆ ಕೂರಬೇಕಾದರೆ ಹಿಂದೆ 1.85 ಮಿ.ಮೀ. ಸ್ಪೇಸರ್ ಹಾಕಲೇಬೇಕು. ಇದನ್ನು ಬಿಟ್ಟರೆ ಲಾಕ್‌ರಿಂಗ್ ಎಷ್ಟೇ ಬಿಗಿದರೂ ಕ್ಯಾಸೆಟ್ ಲೊಡಲೊಡ ಅನ್ನುತ್ತೆ, ಗೇರ್ ಕೂರಲ್ಲ. ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿಯಿರಿ.

ಚೈನ್ ಕೂಡ ಹೊಸದು ತಗೊಳ್ಳಿ. 28ಕ್ಕೆ ಅಳೆದು ಕತ್ತರಿಸಿದ ಚೈನು 34ಕ್ಕೆ ಗಿಡ್ಡ. ಅಪ್ಪಿತಪ್ಪಿ ಮುಂದೆ ದೊಡ್ಡದಕ್ಕೆ ಹಿಂದೆ ದೊಡ್ಡದು ಬಿದ್ದರೆ ಡಿರೇಲರ್, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಸಮೇತ ಕಿತ್ತು ಬರುತ್ತೆ. ಸ್ಟ್ಯಾಂಡಿನ ಮೇಲಿಟ್ಟು ಕೈಯಲ್ಲೇ ಪೆಡಲ್ ತಿರುಗಿಸಿ ಮುಂದೆ 50, ಹಿಂದೆ 34ಕ್ಕೆ ಹಾಕಿ ನೋಡಿ. ಕೇಜ್ ಪೂರ್ತಿ ಚಾಚಿಕೊಳ್ಳದೆ ಇನ್ನೂ ಸ್ವಲ್ಪ ಬಾಗಿದ್ದರೆ ಸರಿ. ಇದನ್ನೆಲ್ಲ ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ, ಹದಿನೈದು ದಿನ ಮೊದಲೇ ಹಾಕಿ ನಂದಿಯಲ್ಲಿ ಓಡಿಸಿ.

ವಿಮಾನಕ್ಕೆ ಪ್ಯಾಕ್ ಮಾಡುವಾಗ ಡಿರೇಲರನ್ನು ಹ್ಯಾಂಗರಿನಿಂದ ಬಿಚ್ಚಿ, ಬಬಲ್ ಶೀಟ್ ಸುತ್ತಿ ಚೈನ್‌ಸ್ಟೇ ಪಕ್ಕಕ್ಕೆ ಕಟ್ಟಿ. ಹ್ಯಾಂಗರ್ ಒಂದಿಷ್ಟು ಒಳಕ್ಕೆ ಬಾಗಿದರೂ ಚಿಕ್ಕ ಗೇರುಗಳಲ್ಲಿ ಗೊತ್ತೇ ಆಗಲ್ಲ. ಮೊದಲ ಕಡಿದಾದ ಏರಿನಲ್ಲಿ 34ಕ್ಕೆ ಹಾಕಿದಾಗ ಕೇಜ್ ಸ್ಪೋಕಿಗೆ ಹೋಗುತ್ತೆ. ಅಲ್ಲಿ ಜೋಡಿಸಿದ ಮೇಲೆ ರಸ್ತೆಗಿಳಿಯುವ ಮುಂಚೆ ಎಲ್ ಸ್ಕ್ರೂ (ಡಿರೇಲರ್ ಸ್ಪೋಕಿನ ಕಡೆ ಮಿತಿ ಮೀರಿ ಹೋಗದಂತೆ ತಡೆಯುವ ತಿರುಪು) ನೋಡಿ. ನಿಮ್ಮ ಫ್ರೇಮಿನ ಹ್ಯಾಂಗರ್ ಒಂದು ಸ್ಪೇರ್ ಇರಲಿ, ಅದು ಮಾತ್ರ ಬೇರೆ ಊರಲ್ಲಿ ಸಿಗುತ್ತೆ ಅಂತ ನಂಬೋಕಾಗಲ್ಲ. ಸಿಒ2 ಸಿಲಿಂಡರ್ ಒಯ್ಯಬೇಡಿ, ಕೈ ಪಂಪ್ ಸಾಕು.

ಘಟ್ಟದ ಗಾಲಿ

ಚಕ್ರದ ಮಾತು ನಾನು ಹೇಳ್ತೇನೆ. ಅಲ್ಯೂಮಿನಿಯಂ ಒಯ್ಯಿರಿ ಮಾರಾಯ್ರೇ, ಕಾರ್ಬನ್ ಮನೆಯಲ್ಲೇ ಇರಲಿ.

80 ಕೆ.ಜಿ. 1,100 ಮೀಟರ್ ಕೆಳಗಿಳಿದರೆ ಸುಮಾರು 860 ಕಿಲೋಜೌಲ್ ಎಲ್ಲಾದರೂ ಹೋಗಲೇಬೇಕು. ವೇಗವಾಗಿ ಇಳಿದರೆ ದೊಡ್ಡ ಪಾಲನ್ನು ಗಾಳಿ ತಿಂತದೆ. ಹೆದರಿ ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಇಳಿದರೆ ಬಹುಪಾಲು ರಿಮ್ಮಿಗೆ ಬಿಸಿಯಾಗಿ ಸೇರ್ತದೆ. ಅಲ್ಯೂಮಿನಿಯಂ ಆ ಬಿಸಿಯನ್ನು ಬೇಗ ಹರಡಿ ಬಿಡ್ತದೆ. ಕಾರ್ಬನ್ನಿನಲ್ಲಿ ಅದು ಬ್ರೇಕ್ ತಾಗುವ ಜಾಗದಲ್ಲೇ ನಿಂತು ರೆಸಿನ್ ಮೆದುವಾಗ್ತದೆ, ಟೈರಿನ ಒತ್ತಡಕ್ಕೆ ರಿಮ್ಮಿನ ಅಂಚು ಹೊರಗೆ ಬಾಗ್ತದೆ. ಒಳಗೆ ಲೇಟೆಕ್ಸ್ ಟ್ಯೂಬ್ ಇದ್ದರೆ ಅದಕ್ಕಿಂತ ಮೊದಲೇ ಒಡೆದೀತು. ಸಾಧಾರಣ ಬ್ಯುಟೈಲ್ ಟ್ಯೂಬೇ ಹಾಕಿ.

ಚಕ್ರ ಬದಲಿಸಿದಾಗ ಪ್ಯಾಡನ್ನೂ ಬದಲಿಸಬೇಕು. ಅಲ್ಯೂಮಿನಿಯಂ ಮೇಲೆ ಓಡಿದ ಪ್ಯಾಡಿನಲ್ಲಿ ಲೋಹದ ಚೂರು ಸಿಕ್ಕಿರ್ತದೆ, ಅದನ್ನೇ ಆಮೇಲೆ ಕಾರ್ಬನ್ನಿಗೆ ಹಾಕಿದರೆ ರಿಮ್ ಗೀಚಿ ಹೋಗ್ತದೆ. ಎರಡು ರಿಮ್ಮಿನ ಅಗಲವೂ ಒಂದೇ ಇರುವುದಿಲ್ಲ, ಕೇಬಲ್ ಸರಿಮಾಡಿಕೊಳ್ಳಿ. ಲಿವರ್ ಹ್ಯಾಂಡಲ್‌ಬಾರಿಗೆ ತಾಗುವಷ್ಟು ಸಡಿಲ ಇದ್ದರೆ ಅಲ್ಲಿ ಇಳಿಯುವ ಮಾತೇ ಬೇಡ. ಒಂದು ಜೊತೆ ಹೊಸ ಪ್ಯಾಡ್ ಚೀಲದಲ್ಲಿರಲಿ, ಒಂದೇ ಮಳೆಯ ಇಳಿಜಾರಿಗೆ ಅರ್ಧ ಸವೆದು ಹೋಗುವುದುಂಟು.

ಇಳಿಯುವ ಕ್ರಮ: ಕೈ ಹ್ಯಾಂಡಲ್‌ಬಾರಿನ ಕೆಳಗಿನ ಬಾಗಿನಲ್ಲಿ (ಡ್ರಾಪ್ಸ್). ನೇರ ರಸ್ತೆಯಲ್ಲಿ ಬ್ರೇಕ್ ಪೂರ್ತಿ ಬಿಡಿ, ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಮತ್ತೆ ಬಿಡಿ. ಹೊರಗಿನ ಕಾಲು ಕೆಳಗೆ, ಭಾರ ಅದರ ಮೇಲೆ. ಅಲ್ಲಿ ಬಲಗಡೆ ಓಡಿಸುವುದು, ಹಾಗಾಗಿ ಬಲ ತಿರುವುಗಳೇ ಒಳಗಿನ ಬಿಗಿ ತಿರುವುಗಳು. ನಮ್ಮ ಘಾಟಿಗಳಲ್ಲಿ ಆಗುಂಬೆಯಿಂದ ಚಾರ್ಮಾಡಿಯವರೆಗೆ ಇದು ಉಲ್ಟಾ. ಅಭ್ಯಾಸಬಲದಿಂದ ಎಡಕ್ಕೆ ಹೋಗುವ ಅಪಾಯ ಹೆಚ್ಚು ಇರುವುದು ಖಾಲಿ ರಸ್ತೆಯಲ್ಲಿ, ಫೋಟೋಕ್ಕೆ ನಿಂತು ಮತ್ತೆ ಹೊರಡುವಾಗ.

ಗ್ರೆನೋಬಲ್ ಕನ್ನಡಿಗ

ರೂಟ್ ಬಗ್ಗೆ. ನೀವು ಹೇಳುವ ಸುತ್ತು ಮಾರ್ಮೊಟ್ ಎಂಬ ಹೆಸರಾಂತ ಸೈಕಲ್ ರೈಡಿನದು: ಸುಮಾರು 175 ಕಿ.ಮೀ., 5,000 ಮೀಟರ್ ಏರು. 155 ವ್ಯಾಟ್‌ಗೆ ಏರುವುದಕ್ಕೇ ಎಂಟು ಗಂಟೆ ಬೇಕು. ಸೆಪ್ಟೆಂಬರಿನ ಹಗಲು ಅದಕ್ಕೆ ಬಿಗಿ. ಒಂದು ವಾರ ಇರುವಾಗ ಬಿಡಿಬಿಡಿಯಾಗಿ ಮಾಡಿ.

ಮೊದಲ ದಿನ ಕೋಲ್ ದೋರ್ನೋನ್ (ಕೋಲ್ ಅಂದರೆ ಘಾಟಿ), ಸುಮಾರು 1,370 ಮೀ. ಏರು ಸುಮಾರು ಹನ್ನೊಂದು ಕಿ.ಮೀ. ಅಷ್ಟೆ, ಜೋಡಿಸಿದ ಸೈಕಲ್ ಪರೀಕ್ಷೆಗೆ ಹೇಳಿಮಾಡಿಸಿದ ರಸ್ತೆ. ಆಮೇಲೆ ಆಲ್ಪ್ ದ್ಯುಯೆಜ್. ತಿರುವುಗಳ ಸಂಖ್ಯೆ ಕೆಳಗಿನಿಂದ 21, 20 ಅಂತ ಇಳಿಯುತ್ತಾ ಹೋಗುತ್ತೆ. 1952ರಲ್ಲಿ ಟೂರ್ ದ ಫ್ರಾನ್ಸ್ ಮೊದಲ ಸಲ ಇಲ್ಲಿ ಬಂದಾಗ ಗೆದ್ದ ಇಟಲಿಯ ಸವಾರ ಕೊಪ್ಪಿಯ ಹೆಸರು 21ರ ಫಲಕದಲ್ಲಿದೆ. ಅಲ್ಲಿಂದ 16ನೇ ತಿರುವಿನ ಲಾ ಗಾರ್ದ್‌ವರೆಗಿನ ಎರಡು ಕಿ.ಮೀ. ಶೇ 10ರ ಆಸುಪಾಸು. ಹೆಚ್ಚಿನವರು ಉಸಿರು ಕಳೆದುಕೊಳ್ಳುವುದು ಇಲ್ಲೇ.

ಕ್ರುವಾ ದ ಫೆರ್ ಘಾಟಿಯ (2,067 ಮೀ.) ಸರಾಸರಿ ಏರು ನೋಡಿ ಮೋಸಹೋಗಬೇಡಿ. ಕಾಗದದ ಮೇಲೆ ಶೇ 5 ಅಂತಿರುತ್ತೆ. ಲ ರಿವಿಯೇ ದಾಲೆಮೋನ್ ಹಳ್ಳಿ ದಾಟಿದ ಮೇಲೆ ರಸ್ತೆ ಹಠಾತ್ತನೆ ಕೆಳಕ್ಕೆ ಧುಮುಕಿ, ಹಳ್ಳ ದಾಟಿದ ಕೂಡಲೇ ಶೇ 10ಕ್ಕಿಂತ ಮೇಲೆ ಏಳುತ್ತೆ. ಇಳಿಜಾರಿನ ತಳದಲ್ಲಿ ಚೈನು ಇನ್ನೂ ಮುಂದಿನ 50ರಲ್ಲೇ ಇದ್ದರೆ ಭಾರ ಬಿದ್ದ ಚೈನಿನ ಮೇಲೆ ಗೇರ್ ಬದಲಿಸಬೇಕಾಗುತ್ತೆ. ಇಳಿಯುತ್ತಿರುವಾಗಲೇ ಮುಂದಿನ 34ಕ್ಕೆ ಬನ್ನಿ. ಹೋದ ದಾರಿಯಲ್ಲೇ ವಾಪಸ್ ಬರುವಾಗ ಅದೇ ಗುಂಡಿಯನ್ನು ಮತ್ತೆ ಹತ್ತಬೇಕು, ಒಂದಿಷ್ಟು ಕಾಲು ಉಳಿಸಿಕೊಳ್ಳಿ.

ಗಾಲಿಬಿಯೇ (2,642 ಮೀ.) ಅನ್ನು ಲೊತಾರೆ ಘಾಟಿ ಕಡೆಯಿಂದ ಹೋಗಿ ಬನ್ನಿ, ಒಟ್ಟು ಸುಮಾರು 95 ಕಿ.ಮೀ. ಬೂರ್‌ನಿಂದ ಲೊತಾರೆವರೆಗಿನ ಡಿ 1091 ರಸ್ತೆಯಲ್ಲಿ ಸುರಂಗಗಳಿವೆ, ಹಿಂದೆ ಮುಂದೆ ಲೈಟ್ ಬೇಕೇ ಬೇಕು. ಕಪ್ಪು ಗ್ಲಾಸಿನ ಕನ್ನಡಕ ಸುರಂಗದ ಬಾಯಲ್ಲೇ ತೆಗೆಯಿರಿ. ತುದಿಯ ಹತ್ತಿರ 2,556 ಮೀ. ಎತ್ತರದಲ್ಲಿ ಇನ್ನೊಂದು ಸುರಂಗ ಇದೆ, ಅದರಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ನೀವು ಮೇಲಿನ ರಸ್ತೆಯಲ್ಲೇ ಹೋಗಬೇಕು, ಆ ಕೊನೆಯ ಕಿ.ಮೀ. ಶೇ 10ರ ಹತ್ತಿರ. ಮಧ್ಯಾಹ್ನದ ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸುತ್ತೆ, ಅಂದರೆ ವಾಪಸ್ ಇಳಿಯುವಾಗ ಎದುರುಗಾಳಿ. ಬೆಳಗ್ಗೆ ಏಳಕ್ಕೆ ಹೊರಡಿ. ಗುಡುಗು ಮಳೆ ಬಂದರೆ ಅದೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ.

ಪ್ರತಿ 1,000 ಮೀಟರಿಗೆ 6.5 ಡಿಗ್ರಿ ಇಳಿಯುತ್ತೆ. ಬೂರ್‌ನಲ್ಲಿ 26 ಇದ್ದರೆ ಗಾಲಿಬಿಯೇ ಮೇಲೆ 13, ಬೆವರಿದ ಜೆರ್ಸಿಯಲ್ಲಿ 50ರ ವೇಗಕ್ಕೆ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕೆ ಆಗಲ್ಲ. ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್, ತೋಳಿನ ವಾರ್ಮರ್, ಇವು ಜೇಬಿನಲ್ಲಿರಲಿ, ಬಿಸಿಲು ಎಷ್ಟೇ ಇರಲಿ.

ವೆನೆಯೋನ್ ಕಣಿವೆಯ ಲಾ ಬೆರಾರ್ದ್ ರಸ್ತೆ ಹಳೆಯ ಪಟ್ಟಿಗಳಲ್ಲೆಲ್ಲ ಸಿಗುತ್ತೆ. 2024ರ ಜೂನ್ ಪ್ರವಾಹದಲ್ಲಿ ಆ ಹಳ್ಳಿಯೇ ಧ್ವಂಸವಾಯಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೋಲ್ ದ ಸಾರೆನ್ ಚೆಂದದ ರಸ್ತೆ, ಆದರೆ ಷಂಬೋನ್ ಕೆರೆ ಕಡೆ ಕಿರಿದು, ಒರಟು, ಅಡ್ಡ ಕಾಲುವೆಗಳಿವೆ. ಆ ಕಡೆಯಿಂದ ಹತ್ತಿ, 21 ತಿರುವಿನ ಕಡೆಯಿಂದ ಇಳಿಯಿರಿ.

ಏರುಹಾದಿ

ಎಲ್ಲರಿಗೂ ಥ್ಯಾಂಕ್ಸ್. ಡಿರೇಲರ್, ಕ್ಯಾಸೆಟ್, ಚೈನು, ಲಗೇಜ್ ಚಾರ್ಜ್ ಎಲ್ಲಾ ಕೂಡಿದರೆ ಅಲ್ಲೇ ಬಾಡಿಗೆಗೆ ಡಿಸ್ಕ್ ಬ್ರೇಕ್ ಸೈಕಲ್ ತಗೊಳ್ಳೋದೇ ವಾಸಿ ಅನಿಸ್ತಿದೆ. ಏನಂತೀರಿ?

ಸ್ಪೋಕ್ ಸಿದ್ದ

ತಗೊಳ್ಳಬಹುದು. ನಿಮ್ಮ ಪೆಡಲ್ ಒಯ್ಯಿರಿ (ಎಡ ಪೆಡಲಿನ ತ್ರೆಡ್ ಉಲ್ಟಾ, ನೆನಪಿರಲಿ), ಬಾಟಮ್ ಬ್ರಾಕೆಟ್ ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ, ಸೀಟಿನ ತುದಿಯಿಂದ ಹ್ಯಾಂಡಲ್‌ಬಾರಿಗೆ ಎಷ್ಟು ಅಂತ ಅಳೆದು ಬರೆದುಕೊಳ್ಳಿ. ಬುಕ್ ಮಾಡುವಾಗಲೇ 34 ಹಲ್ಲಿನ ಕ್ಯಾಸೆಟ್ ಇದೆಯಾ ಕೇಳಿ. ಕೈಗೆ ಬಂದಾಗ ಡಿಸ್ಕ್ ಪ್ಯಾಡ್ ನೋಡಿ: ಶಿಮಾನೊದಲ್ಲಿ ಉಜ್ಜುವ ಪದರ 0.5 ಮಿ.ಮೀ.ಗೆ ಬಂದರೆ ಬದಲಿಸಬೇಕು, ಒಂದು ವಾರದ ಘಾಟಿಗೆ ಅದರ ಮೂರು ಪಟ್ಟಾದರೂ ಇರಲಿ.

ಇನ್ನೊಂದು ವಿಷಯ: ನಮ್ಮಲ್ಲಿ ಬಲಗೈ ಲಿವರ್ ಮುಂದಿನ ಬ್ರೇಕ್. ಫ್ರಾನ್ಸ್‌ನಲ್ಲಿ ಸಾಮಾನ್ಯವಾಗಿ ಎಡಗೈ ಮುಂದಿನದು. ರಿಮ್ ಬ್ರೇಕಿನಲ್ಲಾದರೆ ಕೇಬಲ್ ಅದಲುಬದಲು ಮಾಡಿದರೆ ಆಯಿತು. ಹೈಡ್ರಾಲಿಕ್‌ನಲ್ಲಿ ಹೋಸ್ ಬಿಚ್ಚಿ ಬ್ಲೀಡ್ ಮಾಡಬೇಕು (ಎಣ್ಣೆಯೊಳಗಿನ ಗಾಳಿ ತೆಗೆಯಬೇಕು), ಅಂಗಡಿಯವರು ಬೆಳಗ್ಗೆ ಬಂದ ಗಿರಾಕಿಗೆ ನಿಂತ ಕಾಲಲ್ಲಿ ಮಾಡಿಕೊಡಲ್ಲ. ಮೊದಲೇ ಇಮೇಲ್‌ನಲ್ಲಿ ಕೇಳಿ. ಆಗಲ್ಲ ಅಂದರೆ ಓರ್ನೋನ್ ಇಳಿಜಾರಿನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ದೊಡ್ಡ ಘಾಟಿಗೆ ಹೋಗಿ.