ಅಮ್ಮನ ಕಣ್ಣಿಗೆ ಪೆಪ್ಟೈಡ್ ಪುಡಿ ಕೊಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ

ಪ್ರಶ್ನೆ, ಮಡಿಕೇರಿಯಿಂದ:
ಅಮ್ಮನಿಗೆ 58 ವರ್ಷ, ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಹೋದ ವಾರ ಕಣ್ಣಿಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ನೋಡಿದ ಡಾಕ್ಟರು ರೆಟಿನೋಪತಿ (ಸಕ್ಕರೆಯಿಂದ ಕಣ್ಣಿನ ಒಳಪರದೆಗೆ ಆಗುವ ಹಾನಿ) ಶುರುವಾಗಿದೆ ಅಂದರು. ಇಂಜೆಕ್ಷನ್, ಲೇಸರ್ ಈಗ ಬೇಡ, ಶುಗರ್ ಮತ್ತು ಬಿಪಿ ಹಿಡಿತಕ್ಕೆ ತನ್ನಿ, ಆರು ತಿಂಗಳು ಬಿಟ್ಟು ಬನ್ನಿ ಅಂತ ಕಳಿಸಿದ್ದಾರೆ. ಅಮ್ಮನಿಗೆ ದೂರದ ಬಸ್ಸಿನ ಬೋರ್ಡು ಈಗಲೂ ಸ್ಪಷ್ಟ. ನೆಂಟರೊಬ್ಬರು ಕಣ್ಣಿನ ನರ ಕಾಯುವ ಪೆಪ್ಟೈಡ್ (ಪುಟ್ಟ ಪ್ರೋಟೀನ್ ಅಂತೆ) ಪುಡಿ ತರಿಸು ಅನ್ನುತ್ತಿದ್ದಾರೆ. ಇನ್ನೊಬ್ಬರು, ಆಮ್ಲಜನಕ ಸಾಲದೆ ಇದು ಬರೋದು, ಬೆಟ್ಟದ ಗಾಳಿ ತೆಳು, ಮೈಸೂರಿನ ಅಣ್ಣನ ಮನೆಗೆ ಕಳಿಸು ಅಂದರು. ಸುಮ್ಮನೆ ಆರು ತಿಂಗಳು ಕೂರೋದಕ್ಕೆ ಮನಸ್ಸು ಒಪ್ಪುತ್ತಿಲ್ಲ.

ಸಿದ್ದಾಪುರದಿಂದ:
ತಂಗಿ, "ಚೆನ್ನಾಗಿ ಕಾಣುತ್ತೆ" ಅನ್ನೋ ಮಾತನ್ನು ನಂಬಬೇಡ. ನಮ್ಮಪ್ಪನೂ ಅದನ್ನೇ ಹೇಳುತ್ತಿದ್ದರು. ಡಿಸೆಂಬರಿಗೆ ತೋರಿಸಬೇಕಿತ್ತು, ಕಾಫಿ ಕೊಯ್ಲು ಅಂತ ಬಿಟ್ಟೆವು. ಆಮೇಲೆ ಮೆಣಸು ಕೊಯ್ಲು. ಮುಂದಿನ ಮಳೆಗಾಲದ ಒಂದು ಬೆಳಗ್ಗೆ ಎಡಗಣ್ಣಿನೆದುರು ಕಪ್ಪು ದಾರಗಳು ತೇಲುತ್ತಿವೆ ಅಂದರು, ಸಂಜೆ ಹೊತ್ತಿಗೆ ಆ ಕಣ್ಣು ಪೂರ್ತಿ ಮಬ್ಬು. ಒಳಗೆ ರಕ್ತ ಸುರಿದಿತ್ತು. ಆಪರೇಷನ್ ಆಯಿತು, ಮೊದಲಿನ ನೋಟ ಮಾತ್ರ ಬರಲಿಲ್ಲ. ನಿಮ್ಮಮ್ಮನಿಗೆ ಬೇಗ ಗೊತ್ತಾಗಿದೆ. ಆ ತಾರೀಖು ತಪ್ಪಿಸಬೇಡ.

ಪೊನ್ನಂಪೇಟೆಯಿಂದ:
ಫಾರ್ಮಸಿ ಪಾಠ ಹೇಳಿ ನಿವೃತ್ತಳಾದವಳು ನಾನು. ಏಳು ವರ್ಷದಿಂದ ನನ್ನ ಕಣ್ಣೂ ಇದೇ ಹಂತದಲ್ಲಿ ನಿಂತಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬೆಟ್ಟದ ವಿಷಯ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ಮೈಸೂರೇ 760ರ ಆಸುಪಾಸು. ಆ ವ್ಯತ್ಯಾಸಕ್ಕೆ ಅಮ್ಮನನ್ನು ಊರು ಬಿಡಿಸಬೇಡಿ. ಕೊರತೆ ಇರೋದು ಗಾಳಿಯಲ್ಲಲ್ಲ, ಅಕ್ಷಿಪಟಲದ, ಅಂದರೆ ಕಣ್ಣಿನ ಒಳಪರದೆಯ, ಸಣ್ಣ ರಕ್ತನಾಳಗಳಲ್ಲಿ. ಹೂಮಳೆ ಬಾರದ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಪೈಪು ಕಟ್ಟಿಕೊಂಡರೆ ಹೊಳೆ ತುಂಬ ನೀರಿದ್ದರೂ ಆ ಸಾಲಿನ ಕೊನೆಯ ಗಿಡ ಒಣಗುತ್ತೆ, ಹಾಗೆ. ಹೆಚ್ಚಿನ ಸಕ್ಕರೆ ವರ್ಷಗಟ್ಟಲೆ ಇದ್ದರೆ ನಾಳದ ಗೋಡೆಗೆ ಆಸರೆಯಾದ ಕೋಶಗಳು ಸಾಯುತ್ತವೆ, ಅಲ್ಲಲ್ಲಿ ನಾಳ ಉಬ್ಬುತ್ತೆ, ಕೆಲವು ಮುಚ್ಚಿಹೋಗುತ್ತವೆ. ಉಸಿರು ಕಟ್ಟಿದ ಕೋಶಗಳಲ್ಲಿ ಎಚ್‌ಐಎಫ್ ಅನ್ನೋ ಪ್ರೋಟೀನ್ ಏರುತ್ತೆ (ಜೀವಕೋಶ ಆಮ್ಲಜನಕವನ್ನು ಅಳೆಯುವ ಈ ಬಗೆಯನ್ನು ಕಂಡುಕೊಂಡ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಅವರಿಗೇ 2019ರ ನೊಬೆಲ್). ಅದು ವಿಇಜಿಎಫ್ ಎಂಬ ಇನ್ನೊಂದನ್ನು ಕರೆಯುತ್ತೆ. ನಾಳ ಸೋರೋದು, ಮುಂದೆ ಹೊಸ ದುರ್ಬಲ ನಾಳ ಹುಟ್ಟಿ ಒಡೆಯೋದು ಇದರಿಂದಲೇ. ಮುಂದುವರಿದ ಹಂತದಲ್ಲಿ ಕಣ್ಣಿಗೆ ಚುಚ್ಚುವ ಇಂಜೆಕ್ಷನ್ ತಡೆಯೋದು ಈ ವಿಇಜಿಎಫ್ ಅನ್ನು. ನಿಮ್ಮಮ್ಮ ಅಲ್ಲಿಗೆ ಹೋಗಿಲ್ಲ.

ಪೆಪ್ಟೈಡ್ ಅನ್ನೋದು ಸುಳ್ಳು ಕಥೆಯಲ್ಲ. ನಮ್ಮ ಅಕ್ಷಿಪಟಲವೇ ನರ ಕಾಯುವ ಸೊಮ್ಯಾಟೊಸ್ಟ್ಯಾಟಿನ್ ಎಂಬ ಪೆಪ್ಟೈಡ್ ತಯಾರಿಸುತ್ತೆ, ಸಕ್ಕರೆ ಕಾಯಿಲೆಯಲ್ಲಿ ಅದು ಬೇಗನೇ ಕಡಿಮೆಯಾಗುತ್ತೆ. 1989ರಲ್ಲಿ ಕುರಿಯ ಮೆದುಳಿನಲ್ಲಿ ಸಿಕ್ಕ ಪ್ಯಾಕಾಪ್ ಎಂಬ ಇನ್ನೊಂದು ಪೆಪ್ಟೈಡ್, ಸಕ್ಕರೆ ಹೆಚ್ಚು ಆಮ್ಲಜನಕ ಕಡಿಮೆ ಇರುವ ಹಾಗೆ ಮಾಡಿ ಬೆಳೆಸಿದ ಕೋಶಗಳನ್ನೂ ಇಲಿಗಳ ಕಣ್ಣನ್ನೂ ಕಾಪಾಡಿದೆ. ಆದರೆ ಇಲಿಯಿಂದ ಅಮ್ಮನ ತನಕ ದಾರಿ ದೂರ. ಸೊಮ್ಯಾಟೊಸ್ಟ್ಯಾಟಿನ್ ಅನ್ನು ಕಣ್ಣಿನ ಹನಿಯಾಗಿ ಯುರೋಪಿನಲ್ಲಿ 449 ಜನರ ಅಧ್ಯಯನದಲ್ಲಿ ಎರಡು ವರ್ಷ ಪರೀಕ್ಷಿಸಿದರು. ಎಲ್ಲರನ್ನೂ ಸೇರಿಸಿ ನೋಡಿದಾಗ ನರಹಾನಿ ತಪ್ಪಲಿಲ್ಲ. ಆಗಲೇ ನರದ ಕೆಲಸ ಕುಂದಿದ್ದವರಲ್ಲಿ ಅದು ಇನ್ನೂ ಕುಂದದಂತೆ ತಡೆದ ಲಕ್ಷಣ ಕಂಡಿತು. ನನಗೆ ಅದೇ ದೊಡ್ಡ ಆಸೆ. ಅಂಗಡಿಗೆ ಬಂದ ಔಷಧಿ ಅಲ್ಲ ಅದು.

ಪುಡಿಯಂತೂ ಬೇಡವೇ ಬೇಡ. ಇನ್ಸುಲಿನ್ನೂ ಪೆಪ್ಟೈಡೇ ಅಲ್ಲವಾ, ಎರಡು ಸರಪಳಿ ಸೇರಿ 51 ಅಮೈನೊ ಆಮ್ಲಗಳು. ಸಾಮಾನ್ಯವಾಗಿ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತೆ ಅಂತಲೇ ಚುಚ್ಚಿಕೊಳ್ಳುತ್ತೇವೆ. ಆ ಪುಡಿಯೂ ಮೀನು ಸಾರಿನ ಹಾಗೆ ಅರಗಿಹೋಗುತ್ತೆ, ಕಣ್ಣಿಗೆ ಮುಟ್ಟಲ್ಲ. ಆ ದುಡ್ಡಲ್ಲಿ ಮೂರು ತಿಂಗಳಿಗೊಮ್ಮೆ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಮಾಡಿಸಿ. ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಆ ಅಂಕಿ 1 ಇಳಿದವರಲ್ಲಿ ಸಣ್ಣ ನಾಳದ ತೊಂದರೆ ಸುಮಾರು 37% ಕಡಿಮೆ ಕಂಡಿತ್ತು. ನರ ಕಾಯುವ ಯಾವ ಪೆಪ್ಟೈಡೂ ಮನುಷ್ಯರಲ್ಲಿ ಇನ್ನೂ ಇಷ್ಟು ಮಾಡಿ ತೋರಿಸಿಲ್ಲ. ಒಂದು ಎಚ್ಚರ: ತುಂಬಾ ಏರಿದ ಶುಗರ್ ಗಕ್ಕನೆ ಇಳಿದರೆ ಕೆಲವರ ಕಣ್ಣು ಸ್ವಲ್ಪ ಕಾಲ ಕೆಡಬಹುದು. ಶುಗರಿಗೆ ಹೊಸ ಇಂಜೆಕ್ಷನ್ ಶುರು ಮಾಡಿದರೆ ಕಣ್ಣಿನ ಡಾಕ್ಟರಿಗೂ ಹೇಳಿ, ಹೆದರಿ ಔಷಧಿ ಮಾತ್ರ ಬಿಡಬೇಡಿ. ರಕ್ತದ ಕೊಬ್ಬು ಇಳಿಸುವ ಫೆನೋಫೈಬ್ರೇಟ್ ಮಾತ್ರೆ ಆಗುತ್ತಾ ಅಂತಲೂ ಕೇಳಿ. 2024ರ ಸ್ಕಾಟ್ಲೆಂಡಿನ ಅಧ್ಯಯನ ಶುರುವಿನ ಹಂತದವರಿಗೆ ಆಸೆ ಹುಟ್ಟಿಸಿದೆ, ಮೂತ್ರಪಿಂಡ ನೋಡಿಯೇ ಕೊಡಬೇಕು. ರಕ್ತಹೀನತೆ, ರಾತ್ರಿ ಜೋರು ಗೊರಕೆಯ ನಡುವೆ ಉಸಿರು ನಿಲ್ಲೋದು, ಬೀಡಿ ಸಿಗರೇಟು ಕೂಡ ಆಮ್ಲಜನಕದ ಲೆಕ್ಕಕ್ಕೇ ಸೇರಿದವು. ಅಮ್ಮನ ಹಿಮೋಗ್ಲೋಬಿನ್ ಎಷ್ಟಿದೆ?

ಸುಂಟಿಕೊಪ್ಪದಿಂದ:
ಡ್ರಾಪ್ಸ್ ಹಾಕಿದ ದಿನ ನಾನೇ ಸ್ಕೂಟರ್ ಹತ್ತಿ ಹೊರಟಿದ್ದೆ. ಮಂಜಿನಲ್ಲಿ ಎದುರಿನ ಲಾರಿಯ ಬೆಳಕು ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಯಿತು, ತಿರುವೇ ಕಾಣಲಿಲ್ಲ. ಜೊತೆಗೆ ಒಬ್ಬರು ಇರಲೇಬೇಕು. ತೋಟದ ಕೆಲಸದವರ ಲೈನ್ ಮನೆಯಲ್ಲಿ ಶುಗರ್ ಇರುವವರನ್ನೂ ಅಮ್ಮ ಹೋಗುವ ಜೀಪಿನಲ್ಲೇ ಕರೆದುಕೊಂಡು ಹೋಗಿ, ಅವರಿಗೆ ಒಂದು ದಿನದ ಕೂಲಿ ಬಿಡೋದೇ ಕಷ್ಟ.

ಪ್ರಶ್ನೆ ಕೇಳಿದವಳು, ಮಡಿಕೇರಿ:
ಎಲ್ಲರಿಗೂ ಕೈ ಮುಗಿದೆ. ಹಿಮೋಗ್ಲೋಬಿನ್ 9.4, ಯಾರೂ ಅದರ ಬಗ್ಗೆ ಕೇಳಿರಲಿಲ್ಲ. ಸೋಮವಾರ ಡಾಕ್ಟರ ಹತ್ತಿರ ಆ ರಿಪೋರ್ಟನ್ನೇ ಮೊದಲು ತೋರಿಸುತ್ತೇನೆ. ಅಮ್ಮ ಇಲ್ಲೇ ಇರುತ್ತಾರೆ. ಬೆಲ್ಲದ ಕಾಫಿ ಬಿಡಿಸೋದು ಹೇಗೆ ಅಂತ ಯಾರಾದರೂ ಹೇಳಿ.