ಸಹಾಯ ಬೇಕು: ಕ್ಲೈಂಟ್ ಕಾಲ್‌ನಲ್ಲಿ ಸೇರಿಸುವ ಹೆಚ್ಚುವರಿ ಕೆಲಸಕ್ಕೆ ಲೆಕ್ಕ ಇಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವಳು, ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಕಂಪನಿ ಜೋರಾಗಿ ಬೆಳೀತಾ ಇದೆ, ಪದ್ಧತಿ ಮಾತ್ರ ಇನ್ನೂ ಸಣ್ಣ ಆಫೀಸಿನದ್ದೇ.

ಕ್ಲೈಂಟ್ ನ್ಯೂಯಾರ್ಕಿನವರು, ಒಪ್ಪಂದ ಫಿಕ್ಸೆಡ್ ಪ್ರೈಸ್, ಅಂದರೆ ಮೊದಲೇ ನಿಗದಿಯಾದ ಮೊತ್ತಕ್ಕೆ. ಕಾಲ್ ಮುಗಿಯುವ ಹೊತ್ತಿಗೆ "ರಿಪೋರ್ಟ್ ಪೇಜಿನಲ್ಲಿ ಒಂದು ಎಕ್ಸೆಲ್ ಡೌನ್‌ಲೋಡ್ ಬಟನ್ ಹಾಕಿಬಿಡಿ" ಎನ್ನುತ್ತಾರೆ. ಕೇಳಲು ಸಣ್ಣದು. ಆದರೆ ಯಾರಿಗೆ ಯಾವ ಡೇಟಾ ಕಾಣಬೇಕು, ಫೈಲ್ ದೊಡ್ಡದಾದರೆ ಸರ್ವರ್ ತಡೆಯುತ್ತದಾ, ಟೆಸ್ಟಿಂಗ್ ಯಾವಾಗ, ಎಲ್ಲಾ ಅದರ ಹಿಂದೆ ಬರುತ್ತದೆ ಅಲ್ವಾ? ನಾನು ಬಾಯಿ ತೆರೆಯುವ ಮೊದಲೇ ನಮ್ಮ ಸೇಲ್ಸ್‌ನವರು "ಆಯ್ತು" ಅಂದುಬಿಡುತ್ತಾರೆ. ಡೆಲಿವರಿ ತಾರೀಕು ಬದಲಾಗುವುದಿಲ್ಲ. ರಾತ್ರಿ ಕೂತು ಮಾಡುವವರು ಡೆವಲಪರ್‌ಗಳು. ಅವರಿಗೆ ಇದು ಅನ್ಯಾಯ.

ಪ್ರತಿ ಕಾಲ್ ಆದ ಮೇಲೆ ಮಾತಾಡಿದ್ದನ್ನೆಲ್ಲ ಬರೆದು ಮೇಲ್ ಮಾಡುತ್ತೇನೆ. ಉತ್ತರವೇ ಬರುವುದಿಲ್ಲ.

ಇನ್ನು ಚೇಂಜ್ ರಿಕ್ವೆಸ್ಟ್ ಫಾರ್ಮ್ (ಹೆಚ್ಚುವರಿ ಕೆಲಸವನ್ನು ಬರೆದು ಕ್ಲೈಂಟ್‌ನಿಂದ ಒಪ್ಪಿಗೆ ಪಡೆಯುವ ಫಾರ್ಮ್) ಶುರು ಮಾಡಬೇಕು ಅಂತಿದ್ದೇನೆ. ಪ್ರಾಜೆಕ್ಟ್ ಅರ್ಧ ದಾರಿಯಲ್ಲಿರುವಾಗ ಕ್ಲೈಂಟ್‌ಗೆ ಬೇಜಾರಾಗದಂತೆ ಈ ಮಾತು ಹೇಗೆ ತೆಗೆದಿರಿ? ಫಾರ್ಮಿನಲ್ಲಿ ಗಂಟೆ ಮಾತ್ರ ಸಾಕಾ, ದರವನ್ನೂ ಬರೆಯಬೇಕಾ? ಸೇಲ್ಸ್‌ನವರಿಗೆ ಹೇಳಬೇಕಾದವಳು ನಾನಾ, ಮೇಲಿನವರಾ?

ಇನ್ನೊಂದು ವಿಷಯ. ನವೆಂಬರ್ ಮೊದಲ ಭಾನುವಾರ ನ್ಯೂಯಾರ್ಕಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಮ್ಮ ಸಂಜೆ 7.30ರ ಕಾಲ್ ರಾತ್ರಿ 8.30 ಆಗುತ್ತದೆ. ಕುಂಬಳೆ, ಉಪ್ಪಳ ಕಡೆಗೆ ಹೋಗುವವರಿಗೆ ಆಮೇಲೆ ಬಸ್ಸಿನದ್ದೇ ಚಿಂತೆ. ಚಳಿಗಾಲಕ್ಕೆ ಕಾಲ್ ಬೇಗ ಇಡಲು ಕ್ಲೈಂಟನ್ನು ಒಪ್ಪಿಸಿದವರು ಇದ್ದೀರಾ?

ಮಾದರಿ ಫಾರ್ಮ್ ಇದ್ದರೆ ಹೆಸರುಗಳನ್ನು ತೆಗೆದು ದಯವಿಟ್ಟು ಇಲ್ಲೇ ಹಾಕಿ.